ತುಮಕೂರಿಗೆ ಹುಣಸೆಹಣ್ಣು ಮಾತ್ರ

ಹೋದ ತಿಂಗಳು ನೆಂಟರ ಮನೆಯ ನಾಮಕರಣಕ್ಕೆಂದು ಮಧುಗಿರಿಗೆ ಹೋಗಿದ್ದೆ. ಫೋಟೋ ತೆಗೆಯುವವನು ಬಂದ ಅಂತ ಮನೆಯ ಯಜಮಾನರು ಟ್ರಂಕಿನಿಂದ ತಮ್ಮ ಹಳೆಯ ಕೋಟು ಹೊರಗೆ ತೆಗೆದು ಕೊಡವಿದರು. ನುಸಿಗುಳಿಗೆಯ ವಾಸನೆ ಪಡಸಾಲೆಯಲ್ಲೆಲ್ಲ ಹರಡಿತು. ಅದೇ ಹೊತ್ತಿಗೆ ನನ್ನ ಹಿಂದೆ ಯಾರೋ ಒಬ್ಬರು ಮೀಸೆ ಚಿಗುರುತ್ತಿದ್ದ ಹುಡುಗನನ್ನು ನಿಲ್ಲಿಸಿಕೊಂಡು, “ಎಷ್ಟು ಬಂತು? ಯಾವ ಕಾಲೇಜು?” ಅಂತ ವಿಚಾರಣೆ ನಡೆಸುತ್ತಿದ್ದರು. ಹುಡುಗ ಬಾಯಿ ತೆರೆಯುವ ಮೊದಲೇ ಅವನ ತಾಯಿ ಉತ್ತರ ಹೇಳುತ್ತಿದ್ದಳು. ನಾನು ಎದ್ದು ಹೊರಗೆ ಜಗಲಿಗೆ ಹೋಗಿ ಕೂತೆ. ವಯಸ್ಸಾದವರು, ತಲೆ ಸುತ್ತಿರಬೇಕು ಅಂತ ಯಾರೋ ನೀರು ತಂದು ಕೊಟ್ಟರು. ತಲೆ ಸುತ್ತಿರಲಿಲ್ಲ. ಸಿಟ್ಟು ಬಂದಿತ್ತು. ಅದು ಆವತ್ತಿನ ಸಿಟ್ಟೂ ಅಲ್ಲ. ನನಗೆ ಹದಿನೈದು ತುಂಬಿದ್ದ ಬೇಸಿಗೆಯಲ್ಲಿ ಹತ್ತಿಕೊಂಡದ್ದು, ಇವತ್ತಿಗೂ ಆರಿಲ್ಲ.

ಆಗ ಯುದ್ಧ ಮುಗಿದಿತ್ತು. ಆದರೆ ಸಕ್ಕರೆಗೂ ಸೀಮೆಎಣ್ಣೆಗೂ ಇನ್ನೂ ರೇಷನ್ನಿತ್ತು. ಆಳುತ್ತಿದ್ದವರು ಮಹಾರಾಜರೇ. ಅದೆಲ್ಲ ಒಂದು ದಿನ ಮುಗಿದುಹೋಗುತ್ತದೆ ಅನ್ನುವ ಯೋಚನೆ ನಮ್ಮಂಥವರಿಗೆ ಬಂದಿರಲಿಲ್ಲ. ಮಧುಗಿರಿಯ ಬೆಟ್ಟದ ಬುಡದ ಬೀದಿಯಲ್ಲಿ ನಮ್ಮ ಮನೆ. ಊರಾಚೆ ರಾಗಿ, ಕಡಲೆಕಾಯಿ ಬೆಳೆಯುವ ಹೊಲ, ಒಂದು ಹುಣಸೆ ತೋಪು. ಉಣ್ಣುವುದಕ್ಕೆ ಉಡುವುದಕ್ಕೆ ಯೋಚನೆ ಮಾಡಬೇಕಾಗಿರಲಿಲ್ಲ. ಆ ಬೇಸಿಗೆ ಮಾತ್ರ ವಿಪರೀತ. ಬೆಟ್ಟದ ಬಂಡೆ ಹಗಲೆಲ್ಲ ಬಿಸಿಲು ಕುಡಿದು ಸಂಜೆಯಾದರೆ ಊರಿನ ಮೇಲೆ ಬಿಸಿಯುಸಿರು ಬಿಡುತ್ತಿತ್ತು. ನಾವೆಲ್ಲ ಜಗಲಿಯಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದೆವು.

ಅಂಥ ಒಂದು ಸಂಜೆ ನನ್ನ ಅಣ್ಣ ನರಸಿಂಹ ಎಸ್ಸೆಸ್ಸೆಲ್ಸಿ ಪಾಸಾದ ಸುದ್ದಿ ಬಂತು. ಮೇಲಿನ ದರ್ಜೆಯಲ್ಲ, ತೀರ ಅಂಚಿನಲ್ಲೂ ಅಲ್ಲ. ಅವನು ಇದ್ದದ್ದೇ ಹಾಗೆ, ಎಲ್ಲದರಲ್ಲೂ ನಡುವೆ. ಓಟದಲ್ಲಿ ನಡುವೆ, ಲೆಕ್ಕದಲ್ಲಿ ನಡುವೆ, ಎತ್ತರದಲ್ಲೂ ನಡುವೆ. ಅವನಿಂದ ಯಾರಿಗೂ ತೊಂದರೆಯಿರಲಿಲ್ಲ. ನಮ್ಮ ಮನೆಯಲ್ಲಿ ಅಷ್ಟು ಓದಿದವನು ಅವನೇ ಮೊದಲು. ಅವ್ವ ಬೆಲ್ಲದ ಪಾಯಸ ಮಾಡಿದಳು. ಅಪ್ಪ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೂರಿಸಿ ಕುಡಿಸಿದ. ಆ ಸಂತೋಷ ನಮ್ಮ ಮನೆಯಲ್ಲಿ ಇದ್ದದ್ದು ಸಿರಾದಿಂದ ಅತ್ತೆ ಬರುವವರೆಗೆ.

ಅತ್ತೆ ಅಂದರೆ ಅಪ್ಪನ ತಂಗಿ. ಅವಳ ಮಗ ರಾಮು ಹಿಂದಿನ ವರ್ಷವೇ ಬೆಂಗಳೂರಿನ ದೊಡ್ಡ ಕಾಲೇಜಿಗೆ ಸೇರಿದ್ದ. ಅವನಿಗೆ ಕೋಟು ಹಾಕಿಸಿ, ಕೈಯಲ್ಲಿ ದಪ್ಪ ಪುಸ್ತಕ ಹಿಡಿಸಿ, ಆ ಸುಡುಬಿಸಿಲಿನಲ್ಲಿ ಕರೆದುಕೊಂಡು ಬಂದಿದ್ದಳು. ಕಾಲು ತೊಳೆದು ಒಳಗೆ ಬಂದವಳೇ ಕೇಳಿದಳು:

“ನಮ್ ರಾಮುಗೆ ಬೆಂಗ್ಳೂರು ಒಗ್ಗೋಯ್ತು ಕಣಣ್ಣ. ನಿನ್ ಮಗನ್ನ ಏನ್ ಮಾಡ್ತೀಯ? ಕಡಲೆಕಾಯಿ ಮಂಡೀಲಿ ಕುಂಡ್ರಿಸ್ಬುಡ್ತೀಯಾ?”

ಅಪ್ಪನ ಮುಖ ಕಪ್ಪಿಟ್ಟಿತು. “ಯಾಕೆ? ನಮ್ ನರಸನೂ ಅಲ್ಲಿಗೇ ಹೋಗ್ತಾನೆ. ಅದೇ ಕಾಲೇಜಿಗೆ,” ಅಂದ.

ಅಣ್ಣನ ಓದು ತೀರ್ಮಾನವಾದದ್ದು ಹಾಗೆ. ಅವನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. ಒಂದು ಎತ್ತು ಕೊಳ್ಳುವಾಗಲೂ ಅಪ್ಪ ಅದರ ನಡಿಗೆ ನೋಡುತ್ತಿದ್ದ, ಯಾವ ಕೆಲಸಕ್ಕೆ ಆದೀತು ಅಂತ ನಾಲ್ಕು ಜನರನ್ನು ಕೇಳುತ್ತಿದ್ದ. ಮಗನ ವಿಷಯದಲ್ಲಿ ಅಷ್ಟೂ ಇಲ್ಲ. ಹೆಣ್ಣು ಅಂತ ನನ್ನನ್ನು ಮಿಡ್ಲ್ ಸ್ಕೂಲಿಗೇ ಬಿಡಿಸಿದ್ದರು. ನನಗೆ ಯಾವ ಕಾಲೇಜು ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಅದರ ಮೇಲೂ ನನಗೆ ಸಿಟ್ಟಿತ್ತು. ಆದರೆ ಆ ಬೇಸಿಗೆ ಅಣ್ಣನ ಪಾಡು ನೋಡಿದ ಮೇಲೆ, ನನ್ನನ್ನು ಮರೆತದ್ದೇ ವಾಸಿ ಅನ್ನಿಸಿಬಿಟ್ಟಿತು.

ಮಧ್ಯಾಹ್ನ ಅಣ್ಣ, ರಾಮು ಹುಣಸೆ ತೋಪಿಗೆ ಹೋಗಿದ್ದರು. ಮಜ್ಜಿಗೆ ಕೊಟ್ಟು ಬಾ ಅಂತ ಅವ್ವ ನನ್ನನ್ನು ಕಳಿಸಿದಳು. ರಾಮು ಕೋಟು ಬಿಚ್ಚಿ ಕೊಂಬೆಗೆ ನೇತು ಹಾಕಿದ್ದ. ಅಣ್ಣನಿಗೆ ಹೇಳುತ್ತಿದ್ದ:

“ಅಲ್ಲಿಗೆ ಬರಬ್ಯಾಡ ಕಣ್ಲಾ ನರಸ. ಒಂದ್ ಹಾಲ್ ತುಂಬಾ ಜನ ಕುಂತಿರ್ತಾರೆ. ಮೇಷ್ಟ್ರು ಇಂಗ್ಲಿಷ್ನಾಗೆ ಹೇಳ್ಕಂಡು ಹೊಂಟೋಗ್ತಾರೆ. ಚುರುಕಾಗಿರೋರು ಹಿಡ್ಕಂತಾರೆ. ನಂಗೆ ಒಂದಕ್ಷರ ಹತ್ತಲ್ಲ. ಒಂದ್ ವರ್ಸ ಆಯ್ತು, ನನ್ ಹೆಸ್ರು ಯಾರ್ಗೂ ಗೊತ್ತಿಲ್ಲ ಅಲ್ಲಿ.”

“ನಿಮ್ಮಪ್ಪಂಗೆ ಹೇಳಾಕಾಗಲ್ವಾ?”

“ಹೆಂಗ್ ಹೇಳ್ಲಿ? ಸಿರಾ ತುಂಬಾ ಡಂಗುರ ಹೊಡ್ಕಂಡವ್ರೆ.”

ರಾಮು ಅಳುತ್ತಿದ್ದನೋ ಬೆವರು ಒರೆಸಿಕೊಂಡನೋ ನನಗೆ ಸರಿಯಾಗಿ ಕಾಣಲಿಲ್ಲ. ನನ್ನನ್ನು ನೋಡಿದವನೇ ಎದ್ದು ಕೋಟು ತೊಟ್ಟುಕೊಂಡ.

ಅಣ್ಣನ ಲೆಕ್ಕದ ಮೇಷ್ಟ್ರು ಸುಬ್ಬರಾಯರು ಅದೇ ವಾರ ಮನೆಗೆ ಬಂದರು. ಅಪ್ಪ ಕರೆದಿರಲಿಲ್ಲ. ಅಣ್ಣನನ್ನು ಬೆಂಗಳೂರಿಗೆ ಕಳಿಸುವ ಮಾತು ಅವರ ಕಿವಿಗೆ ಬಿದ್ದಿತ್ತು. ಸಣಕಲು ಮನುಷ್ಯ, ಮಾತು ಮೆಲ್ಲಗೆ, ಆದರೆ ಸುತ್ತು ಬಳಸು ಇಲ್ಲ.

“ಗಿರಿಯಪ್ಪನವರೇ, ನಿಮ್ಮ ಹುಡುಗ ದಡ್ಡನಲ್ಲ. ಒಂದು ಸಲ ಹೇಳಿದರೆ ಅವನಿಗೆ ಹಿಡಿಯೋದಿಲ್ಲ. ಎರಡನೇ ಸಲಕ್ಕೆ ಅರ್ಧ ಹಿಡಿಯುತ್ತೆ. ಮೂರನೇ ಸಲ ಹೇಳಿದರೆ ಆಮೇಲೆ ಮರೆಯೋದೇ ಇಲ್ಲ. ಮೂರನೇ ಸಲ ಹೇಳಿಕೊಡೋ ಕಡೆ ಸೇರಿಸಿ. ತುಮಕೂರಿನಲ್ಲಿ ಇಂಟರ್‌ಮೀಡಿಯೆಟ್ ಕಾಲೇಜು ಆಗಿದೆ. ಹುಡುಗರು ಕಡಿಮೆ. ಹೆಸರು ಹಿಡಿದು ಕರೆದು ಕೇಳ್ತಾರೆ.”

ಅಪ್ಪ ನಕ್ಕ. ಅದು ಮರ್ಯಾದೆಯ ನಗುವಾಗಿರಲಿಲ್ಲ. “ತುಮಕೂರಾ? ನಾನು ತುಮಕೂರಿಗೆ ಹುಣಸೆಹಣ್ಣು ಮಾರಾಕೆ ಹೋಗ್ತೀನಿ ಸ್ವಾಮಿ. ಮಗನ್ನೂ ಅದೇ ಗಾಡೀನಾಗೆ ತುಂಬ್ಕಂಡ್ ಹೋಗ್ಲಾ?”

“ಹುಣಸೆಹಣ್ಣಿಗೆ ಒಳ್ಳೆ ಬೆಲೆ ಎಲ್ಲಿ ಸಿಗುತ್ತೆ ಅಂತ ನೋಡಿಯೇ ಅಲ್ಲಿಗೆ ಹೋಗ್ತೀರಲ್ಲ?” ಅಂದರು ಮೇಷ್ಟ್ರು.

ಅಪ್ಪನಿಗೆ ಆ ಮಾತು ತಾಗಲಿಲ್ಲ. ಮೇಷ್ಟ್ರಿಗೆ ಒಂದು ಲೋಟ ನೀರು ಕೊಡಿ ಅಂತಲೂ ಹೇಳಲಿಲ್ಲ. ಅವರು ಮೆಟ್ಟಿಲಿಳಿದು ಹೋಗುವಾಗ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು.

ಅದಾದ ಮೇಲೆ ಅಪ್ಪ ಅಣ್ಣನನ್ನು ಕರೆದುಕೊಂಡು ಬೆಂಗಳೂರಿಗೆ ಹೋದ. ಆಗಿನ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ದಿಬ್ಬ ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. ಹೋಗಿ ಬಂದವರ ಬಟ್ಟೆಯೆಲ್ಲ ಮಸಿ. ಅಪ್ಪ ಬಸ್ಸಿಳಿದವನೇ ಎದುರು ಸಿಕ್ಕವರಿಗೆಲ್ಲ, “ಆಯ್ತು, ಸೀಟು ಆಯ್ತು,” ಅಂತ ಹೇಳುತ್ತಾ ಬಂದ. ಅಣ್ಣ ನೇರ ಕೊಟ್ಟಿಗೆಗೆ ಹೋದ. ನಾನು ಹಿಂದೆಯೇ ಹೋದೆ. ಅವನು ಎತ್ತಿಗೆ ಹುಲ್ಲು ಹಾಕುತ್ತಾ, ನನ್ನ ಮುಖ ನೋಡದೆ ಹೇಳಿದ:

“ಸೀಟು ಸಿಕ್ಕಿಲ್ಲ ಕಣೆ ಕಮಲಿ. ಇಷ್ಟು ನಂಬರಿಗೆ ಇಲ್ಲಿ ಆಗಲ್ಲ, ನಿಮ್ ಹತ್ರಾನೇ ತುಮಕೂರೈತಲ್ಲ, ಅಲ್ಲಿ ಸೇರಿಸಿ ಅಂದ್ರು ಆಫೀಸ್ನೋರು. ಒಳ್ಳೇ ಮಾತ್ನಾಗೇ ಅಂದ್ರು. ಅಪ್ಪ ಪೇಟ ತೆಗೆದು ಕೈ ಮುಗಿದ. ಆಗ್ಲೇ ಇಲ್ಲ.”

“ಆಮೇಲೆ?”

“ಗೇಟಿಂದ ಈಚೆ ಬಂದೇಟ್ಗೆ ಕೆನ್ನೆಗೆ ಬಾರ್ಸಿದ. ಕಾಲೇಜ್ ಹುಡುಗ್ರೆಲ್ಲ ಹೋಗ್ತಾ ಇದ್ರು. ನಿಂತ್ಕಂಡು ನೋಡಿದ್ರು.”

ಅಪ್ಪ ನಮ್ಮನ್ನು ಹೊಡೆದವನಲ್ಲ. ಬೆಳೆದ ಮಗನಿಗೆ ನಡುರಸ್ತೆಯಲ್ಲಿ ಹೊಡೆದದ್ದು ಯಾತಕ್ಕೆ? ಅವನು ಕದ್ದಿದ್ದನೆ, ಸುಳ್ಳು ಹೇಳಿದ್ದನೆ? ನಡುವಿನ ದರ್ಜೆಯಲ್ಲಿ ಪಾಸಾಗಿದ್ದ, ಅಷ್ಟೇ. ಪಾಯಸ ಹಂಚಿದ್ದೂ ಅದೇ ಪಾಸಿಗೆ. ಕೊಟ್ಟಿಗೆಯಲ್ಲಿ ನಿಂತು ನಾನು ಇದನ್ನೆಲ್ಲ ಗಟ್ಟಿಯಾಗಿಯೇ ಹೇಳಿದೆ. ಅಣ್ಣ, “ಮೆತ್ತಗೆ ಮಾತಾಡೆ,” ಅಂದ. ಅವನು ಯಾವಾಗಲೂ ಹೇಳುತ್ತಿದ್ದದ್ದು ಅದೊಂದೇ ಮಾತು.

ಸುಳ್ಳು ಊರಿನಲ್ಲಿ ನಿಲ್ಲಲಿಲ್ಲ, ಪಾವಗಡದವರೆಗೆ ಹೋಯಿತು. ಅಲ್ಲಿನ ಕಡಲೆಕಾಯಿ ವ್ಯಾಪಾರಿ ವೆಂಕಟಪ್ಪನವರ ಮಗನಿಗೆ ನನ್ನನ್ನು ಕೇಳುವ ಮಾತು ಮೊದಲಿಂದಲೂ ನಡೆದಿತ್ತು. ಹೆಣ್ಣಿನ ಅಣ್ಣ ಬೆಂಗಳೂರಿನ ದೊಡ್ಡ ಕಾಲೇಜಿನಲ್ಲಿ ಓದುತ್ತಾನೆ ಅಂತ ಗೊತ್ತಾದ ಕೂಡಲೇ ಅವರಿಗೆ ಅವಸರವಾಯಿತು. ಒಳ್ಳೆಯ ದಿನ ನೋಡಿ ಹೊರಟೇಬಿಟ್ಟರು. ಅಪ್ಪನಿಗೆ ಈಗ ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ. ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. “ಮದುವೆ ಆಗೋಗ್ಲಿ, ಆಮ್ಯಾಕೆ ಕಾಯಿಲೆ ಬಂತು, ಕಾಲೇಜ್ ಬುಡಿಸ್ದೆ ಅಂದ್ರಾಯ್ತು,” ಅಂತ ಅವ್ವನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಅಣ್ಣನಿಗೆ ಯಾವ ಕಾಯಿಲೆ ಬರಬೇಕು ಅನ್ನುವುದನ್ನೂ ಅವನೇ ಯೋಚಿಸಿಟ್ಟಿದ್ದ.

ಹೆಣ್ಣು ನೋಡುವ ದಿನ ಸಿರಾದ ಅತ್ತೆ ರಾಮುವಿನ ಹಳೆಯ ಕೋಟು ತಂದಿದ್ದಳು. ಅದರ ತುಂಬ ನುಸಿಗುಳಿಗೆಯ ವಾಸನೆ. ಅಣ್ಣನ ತೋಳಿಗೆ ಗಿಡ್ಡ, ಹೆಗಲಿಗೆ ಬಿಗಿ. ಆ ಸೆಕೆಯಲ್ಲಿ ಅದನ್ನು ಹಾಕಿಸಿ, ಗುಂಡಿ ಹಾಕಿ, ಅವನನ್ನು ಚಾಪೆಯ ತುದಿಯಲ್ಲಿ ಕೂರಿಸಿದರು. ಆ ದಿನ ನೋಡುವುದಕ್ಕೆ ಇಟ್ಟಿದ್ದದ್ದು ನನ್ನನ್ನೋ ಅವನನ್ನೋ ಅಂತ ಈಗಲೂ ಯೋಚಿಸುತ್ತೇನೆ.

ವೆಂಕಟಪ್ಪನವರು ಭಾರಿ ಎತ್ತರದ ಮನುಷ್ಯ. ಅವರ ಕನ್ನಡದಲ್ಲಿ ಅರ್ಧ ತೆಲುಗು. ನಾನು ಬೆಲ್ಲದ ಕಾಫಿಯ ತಟ್ಟೆ ಹಿಡಿದು ಪಡಸಾಲೆಗೆ ಬರುವ ಹೊತ್ತಿಗೆ ಅವರು ನನ್ನ ಕಡೆ ನೋಡದೆ ಅಣ್ಣನನ್ನು ಕೇಳುತ್ತಿದ್ದರು:

“ಏಮಪ್ಪಾ, ಕಾಲೇಜು ಬಾಗುಂದಾ? ಎಂಗೈತೆ?”

ಅಣ್ಣ ನೆಲ ನೋಡಿದ. ಅಪ್ಪ, “ಬಲೇ ಚೆನ್ನಾಗೈತಂತೆ ಯಜಮಾನ್ರೇ,” ಅಂದ.

“ಏನ್ ಓದ್ತಾನೆ? ಲೆಕ್ಕವಾ, ಸೈನ್ಸಾ?”

“ಸೈನ್ಸು,” ಅಂದ ಅಪ್ಪ.

“ಹುಡುಗನ್ನ ಮಾತಾಡಕ್ ಬುಡ್ರೀ, ಗಿರಿಯಪ್ಪಾ. ಚೆಪ್ಪು ನಾಯನಾ, ನೀನೇ ಹೇಳು, ಹಾಸ್ಟೆಲ್ನಾಗೆ ಇರ್ತೀಯಾ, ರೂಮ್ ಮಾಡ್ಕಂಡಿದೀಯಾ?”

ಅಣ್ಣನ ಹಣೆಯಿಂದ ಬೆವರಿಳಿದು ಗಲ್ಲದ ತುದಿಯಲ್ಲಿ ನಿಂತಿತ್ತು. ಅಪ್ಪ ಅವನ ತೊಡೆಯನ್ನು ಬೆರಳಿನಿಂದ ತಿವಿಯುವುದು ನನಗೆ ಕಂಡಿತು. ಕೊಟ್ಟಿಗೆಯಲ್ಲಿ ಅವನು ಹೇಳಿದ್ದೆಲ್ಲ ನೆನಪಾಯಿತು. ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ.

“ಅಣ್ಣಂಗೆ ಬೆಂಗ್ಳೂರ್ನಾಗೆ ಸೀಟು ಸಿಕ್ಕಿಲ್ಲ,” ಅಂದೆ. “ಅವ್ನು ತುಮಕೂರಿಗೆ ಹೋಗ್ತಾನೆ.”

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ವೆಂಕಟಪ್ಪನವರು ಮೀಸೆ ತೀಡಿದರು. ಕೋಪ ಮಾಡಲಿಲ್ಲ, ಕೂಗಾಡಲಿಲ್ಲ. ಅರ್ಧ ಕುಡಿದ ಕಾಫಿ ಇಟ್ಟು ಎದ್ದರು. “ಹೇಳಿ ಕಳಿಸ್ತೀವಿ ಗಿರಿಯಪ್ಪಾ,” ಅಂದರು. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಅಷ್ಟು ಹೊತ್ತೂ ಅವರ ಪಕ್ಕ ಕೂತಿದ್ದ ಮದುವೆ ಗಂಡೂ ಎದ್ದ. ಅವನು ಮಿಡ್ಲ್ ಸ್ಕೂಲೇ ದಾಟಿರಲಿಲ್ಲ, ತನ್ನಪ್ಪನ ಮಂಡಿಯಲ್ಲಿ ಕಡಲೆಕಾಯಿ ತೂಗುತ್ತಿದ್ದ! ಅದು ನಮ್ಮ ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಅದು ಯಾರಿಗೂ ಅಡ್ಡಿಯಾಗಿರಲಿಲ್ಲ. ಅಡ್ಡಿಯಾದದ್ದು ತುಮಕೂರು.

ಅವರು ಬೀದಿ ತಿರುಗುವವರೆಗೂ ಅಪ್ಪ ಕೈ ಮುಗಿದುಕೊಂಡೇ ನಿಂತಿದ್ದ. ಆಮೇಲೆ ಒಳಗೆ ಬಂದ. ನನಗೆ ಹೊಡೆಯಲಿಲ್ಲ. ಅಣ್ಣನ ಕಡೆ ತಿರುಗಿ, “ನೀನ್ ಹುಟ್ಟಿ ನನ್ ಮಾನ ತೆಗ್ದೆ ಕಣ್ಲಾ,” ಅಂದ. ಮಾತಾಡಿದವಳು ನಾನು, ಮಾನ ಕಳೆದವನು ಅವನಂತೆ. ಅಣ್ಣ ಕೋಟು ಬಿಚ್ಚಿ, ಮಡಿಸಿ, ಅತ್ತೆಯ ಪಕ್ಕದಲ್ಲಿಟ್ಟು ಹಿತ್ತಲಿಗೆ ಹೋದ.

ಮಾರನೆಯ ಬೆಳಿಗ್ಗೆ ಅವನು ಮನೆಯಲ್ಲಿರಲಿಲ್ಲ. ಹೊಲಕ್ಕೆ ಹೋಗಿರಬೇಕು ಅಂದುಕೊಂಡೆವು. ಹೊಲದಲ್ಲಿರಲಿಲ್ಲ. ತೋಪಿನಲ್ಲಿರಲಿಲ್ಲ. ಬೆಟ್ಟದ ಮೆಟ್ಟಿಲಿನ ಕಡೆ ಹೋಗಿ ನೋಡಿ ಬಂದವರು ಇಲ್ಲ ಅಂದರು. ಬಿಸಿಲೇರುತ್ತಾ ಹೋದ ಹಾಗೆ ಬೀದಿಯ ಹೆಂಗಸರು ನಮ್ಮ ಮನೆಗೆ ಬಂದು ಸೇರಿದರು. ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು. ಅವನ ಮೆಟ್ಟು ಹಿತ್ತಲಿನ ಬಾವಿಯ ಕಟ್ಟೆಯ ಹತ್ತಿರ ಬಿದ್ದಿತ್ತು.

ಬಾವಿಗೆ ಬಿದ್ದ ಕೊಡ ಎತ್ತುವುದಕ್ಕೆ ಪಾತಾಳಗರಡಿ ಅಂತ ಒಂದಿರುತ್ತದೆ, ಕಬ್ಬಿಣದ ಕೊಕ್ಕೆಗಳ ಗೊಂಚಲು. ಅಪ್ಪ ಅದಕ್ಕೆ ಹಗ್ಗ ಕಟ್ಟಿ ತಾನೇ ಬಿಡತೊಡಗಿದ. ನೆರೆಯವರು ನಾವು ಬಿಡ್ತೀವಿ ಅಂದರೂ ಕೊಡಲಿಲ್ಲ. ಅವ್ವ ಕಟ್ಟೆಗೆ ಒರಗಿ ಕೂತು ನೀರಿನ ಕಡೆ ನೋಡದೆ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಸುಮಾರು ಹೊತ್ತಾದ ಮೇಲೆ ಕೊಕ್ಕೆಗೆ ಏನೋ ಸಿಕ್ಕಿತು. ಭಾರವಾಗಿತ್ತು. ಅಪ್ಪ ಹಗ್ಗ ಕೈಬಿಟ್ಟು ಕೂತುಬಿಟ್ಟ. ನೆರೆಯ ಇಬ್ಬರು ಹಿಡಿದು ಎಳೆದರು. ಮೇಲೆ ಬಂದದ್ದು ಎಂದೋ ಬಿದ್ದುಹೋಗಿದ್ದ ನಮ್ಮದೇ ತಾಮ್ರದ ಕೊಡ, ಹೊಟ್ಟೆ ತುಂಬ ಕೆಸರು. ನಾನು ನಿಂತಲ್ಲೇ ಅಳತೊಡಗಿದೆ.

ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ಕೊರಟಗೆರೆಯಲ್ಲಿ ಅವ್ವನ ತಮ್ಮ, ನಮ್ಮ ಹನುಮಂತ ಮಾವ, ಹೇಳಿ ಕಳಿಸಿದ್ದರು. ಹುಡುಗ ಬರಿಗಾಲಲ್ಲಿ ನಡೆದುಕೊಂಡು ಬಂದಿದ್ದಾನೆ, ಗಾಬರಿಯಾಗಬೇಡಿ ಅಂತ. ಅವ್ವ ಒಂದು ಸಲ ಜೋರಾಗಿ ಉಸಿರು ಬಿಟ್ಟು, ಎದ್ದು, ಸೀರೆ ಕೊಡವಿಕೊಂಡು, “ನಡೀರಿ,” ಅಂದಳು. ನಾವು ಮೂವರೂ ಮುಂದಿನ ಬಸ್ಸಿಗೆ ಹೊರಟೆವು.

ಮಾವನ ಮನೆಯ ನಡುಮನೆಯಲ್ಲಿ ಅಣ್ಣ ಮುದ್ದೆ ಉಣ್ಣುತ್ತಿದ್ದ. ಪಾದದಲ್ಲಿ ಬೊಬ್ಬೆ ಎದ್ದಿದ್ದವು. ಅರಿಶಿಣ ಹಚ್ಚಿದ್ದರು. ಅಪ್ಪ ಹೊಸಿಲಿನಲ್ಲಿ ನಿಂತ. ಬೆಳಿಗ್ಗೆ ಅವನು ಹಗ್ಗ ಕೈಬಿಟ್ಟು ಕೂತದ್ದನ್ನು ನೋಡಿದ್ದೆನಲ್ಲ, ಹೋಗಿ ತಬ್ಬಿಕೊಳ್ಳುತ್ತಾನೆ ಅಂದುಕೊಂಡೆ. ಅಪ್ಪ ಗಂಟಲು ಸರಿ ಮಾಡಿಕೊಂಡು ಹೇಳಿದ:

“ಊರ್ನಾಗೆ ಯಾರಾದ್ರೂ ಕೇಳುದ್ರೆ ಬೆಂಗ್ಳೂರಿಗೆ ಹೋಗಿದ್ದೆ ಅನ್ನು. ಸೀಟಿನ್ ವಿಚಾರ್ವಾಗಿ.”

ಅಣ್ಣನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಮಾವ ಬಾಯಿ ತೆರೆದರು. ಅವ್ವ ಅವರನ್ನು ಕೈಯಲ್ಲೇ ತಡೆದಳು. ಅಲ್ಲಿಯವರೆಗೆ ಅವಳು ತವರಿನವರ ಮುಂದೆ ಅಪ್ಪನಿಗೆ ಎದುರಾಡಿದವಳೇ ಅಲ್ಲ.

“ಬೆಳಗಿಂದ ಬಾವಿಯಾಗೆ ಏನ್ ಹುಡುಕ್ತಿದ್ರಿ ನೀವು?” ಅಂತ ಕೇಳಿದಳು. “ಮಗನ್ನೋ, ಕಾಲೇಜನ್ನೋ?”

ಅಪ್ಪ ಮಾವನ ಕಡೆ ನೋಡಿದ.

“ಅವ್ನು ಪಾಸಾದಾಗ ಕರ್ದು ಕರ್ದು ಪಾಯ್ಸ ಕೊಟ್ರಿ. ನಿಮ್ ತಂಗಿ ಒಂದ್ ಮಾತು ಅಂದಿದ್ಕೆ ಅದೇ ಮಗ ಬ್ಯಾಡಾಗ್ಬುಟ್ನಾ? ಸಾಕು. ಇನ್ಮೇಲೆ ಇದ್ರಾಗೆ ನೀವು ಬಾಯಿ ಹಾಕ್ಬ್ಯಾಡಿ. ಹನುಮಂತ, ಆ ಮೇಷ್ಟ್ರನ್ನ ಕರ್ಕಂಡು ನೀನೇ ತುಮಕೂರಿಗೆ ಹೋಗ್ಬುಟ್ಟು ಬಾ ಕಣಪ್ಪ.”

ಆಮೇಲೆ ಅಣ್ಣನ ಕಡೆ ತಿರುಗಿ, “ನಿಂಗೆ ಮನಸೈತೇನೋ ಮಗ? ಇಲ್ದಿದ್ರೆ ಬ್ಯಾಡ,” ಅಂದಳು. ಆ ಬೇಸಿಗೆಯಲ್ಲಿ ಅವನನ್ನು ಹಾಗೆ ಕೇಳಿದ್ದು ಅವಳೊಬ್ಬಳೇ. ಅಣ್ಣ ತುತ್ತು ತಟ್ಟೆಗೆ ಬಿಟ್ಟು, ಎಡಗೈಯಿಂದ ಕಣ್ಣು ಒರೆಸಿಕೊಂಡು, “ಹೂಂ, ಐತವ್ವ,” ಅಂದ.

ಸುಬ್ಬರಾಯ ಮೇಷ್ಟ್ರು ತಮಗಾದ ಅವಮಾನ ಮನಸ್ಸಿನಲ್ಲಿಟ್ಟುಕೊಳ್ಳದೆ ಜೊತೆಗೆ ಹೋಗಿ ಸೇರಿಸಿ ಬಂದರು. ಅಣ್ಣ ಅಲ್ಲೇನೂ ಮಿಂಚಲಿಲ್ಲ. ಇಂಗ್ಲಿಷ್‌ನಲ್ಲಿ ಒಮ್ಮೆ ಬಿದ್ದ, ಮತ್ತೆ ಕೂತು ಪಾಸು ಮಾಡಿದ. ಅಂಚೆ ಕಚೇರಿಯಲ್ಲಿ ಕೆಲಸ ಸಿಕ್ಕಿ ನಮ್ಮ ಸೀಮೆಯ ಊರುಗಳಲ್ಲೇ ದುಡಿದು, ಮಕ್ಕಳನ್ನು ಬೆಳೆಸಿ, ಎಲ್ಲರ ಜೊತೆ ಚೆನ್ನಾಗಿದ್ದು ಹೋದ. ನನಗೆ ಮಾರನೆಯ ವರ್ಷ ಮದುವೆಯಾಯಿತು. ನನ್ನನ್ನು ಮಾಡಿಕೊಂಡವರು ಅಣ್ಣನ ಕಾಲೇಜು ಕೇಳಲಿಲ್ಲ. ಕೆಟ್ಟದ್ದು ಆದದ್ದು ರಾಮುವಿಗೆ. ಅವನು ಅಲ್ಲಿ ಪಾಸಾಗಲಿಲ್ಲ. ಬಿಡಿಸಿ ಕರೆತಂದರೆ ಸಿರಾದಲ್ಲಿ ತಲೆಯೆತ್ತುವುದು ಹೇಗೆ ಅಂತ ಅವನನ್ನು ವರ್ಷಗಟ್ಟಲೆ ಬೆಂಗಳೂರಿನಲ್ಲೇ ಇಟ್ಟರು. ‘ಓದ್ತಾ ಅವ್ನೆ’ ಅಂತ ಹೇಳಿಕೊಂಡರು. ಒಂದು ದಿನ ಅವನು ರೂಮು ಬಿಟ್ಟು ಎಲ್ಲಿಗೋ ಹೋದ. ಮತ್ತೆ ಬರಲಿಲ್ಲ. ಅತ್ತೆ ಸಾಯುವವರೆಗೂ ಅವನ ಮಾತು ಬಂದಾಗಲೆಲ್ಲ ಕಾಲೇಜಿನ ಹೆಸರನ್ನೇ ಮೊದಲು ಹೇಳುತ್ತಿದ್ದಳು. ಅದನ್ನು ನೆನೆದರೆ ನನಗೆ ಅವಳ ಮೇಲೆ ಅಯ್ಯೋ ಅನ್ನಿಸಬೇಕು. ಅನ್ನಿಸುವುದಿಲ್ಲ.

ಅಣ್ಣ ತುಮಕೂರಿಗೆ ಹೊರಟ ಬೆಳಿಗ್ಗೆ ಒಂದನ್ನು ಮಾತ್ರ ನಾನು ಯಾವಾಗ ಬೇಕಾದರೂ ನೆನೆದು ನಗಬಲ್ಲೆ. ಹಿಂದಿನ ದಿನವಷ್ಟೇ ಮೊದಲ ಮಳೆ ಬಿದ್ದು ಊರು ತಣ್ಣಗಾಗಿತ್ತು. ಅವ್ವ, ನಾನು ಬಸ್ಸಿನ ಹತ್ತಿರ ನಿಂತಿದ್ದೆವು. ಅಪ್ಪ ಬರುವುದಿಲ್ಲ ಅಂದವನು ಬಂದ. ಆದರೆ ನಮಗೆ ಸೇರಿದವನಲ್ಲ ಅನ್ನುವ ಹಾಗೆ ಆಚೆ ಮರದ ಕೆಳಗೆ ನಿಂತ. ಅಷ್ಟರಲ್ಲಿ ಬಿತ್ತನೆ ಬೀಜದ ಅಂಗಡಿಯ ರಂಗಶೆಟ್ಟರು ಆ ಕಡೆಯಿಂದ ಬಂದು, “ಏನು ಗಿರಿಯಪ್ಪ, ಮಗ ಎಲ್ಲಿಗೋ ಹೊರಟಂಗದೆ?” ಅಂತ ಕೇಳಿದರು.

ಅಪ್ಪ ಪೇಟ ಸರಿ ಮಾಡಿಕೊಂಡು, “ಬೆಂಗ್ಳೂರ್ ಕಡೆಗೆ,” ಅಂದ. ಆ ಬಸ್ಸು ತುಮಕೂರು ಹಾದು ಬೆಂಗಳೂರಿಗೆ ಹೋಗುತ್ತಿದ್ದದ್ದು ನಿಜ.

ಬಸ್ಸು ಹೊರಟಿತ್ತು. ಅಣ್ಣ ಕಿಟಕಿಯಿಂದ ಕತ್ತು ಹೊರಗೆ ಹಾಕಿದ. ಸೊಂಟದವರೆಗೂ ಹೊರಗೆ ಬಂದ ಅಂತಲೇ ಹೇಳಬೇಕು.

“ತುಮಕೂರಿಗೆ ಶೆಟ್ರೇ!” ಅಂತ ಕೂಗಿದ. “ತುಮಕೂರ್ ಕಾಲೇಜಿಗೆ!”

ಅವನಿಗೆ ಅಷ್ಟು ದೊಡ್ಡ ಗಂಟಲಿದೆ ಅಂತ ನಮಗೆ ಗೊತ್ತೇ ಇರಲಿಲ್ಲ. ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪ ಕಣ್ಣು ಮುಚ್ಚಿಕೊಂಡ.

“ಒಳ್ಳೇದಾಗಲಪ್ಪಾ!” ಅಂತ ಶೆಟ್ಟರು ಬಸ್ಸಿನ ಕಡೆ ಕೈ ಎತ್ತಿದರು. ಆಮೇಲೆ ಅಪ್ಪನ ಕಡೆ ತಿರುಗಿ, ಅವನು ಕಣ್ಣು ತೆರೆಯುವುದನ್ನೂ ಕಾಯದೆ ಕೇಳಿದರು:

“ಮಳೆ ಬಿತ್ತಲ್ಲ, ಕಡಲೆಕಾಯಿ ಬೀಜ ಎಷ್ಟು ಬೇಕಾಗ್ತದೆ ಈ ಸಲ?”